ಊರಿಗೆಲ್ಲ ಮೊದಲ ಸಹಿ

ಓಹಾಯೋದ ಅರ್ಧ ಜನವೇ ನಿಂತಿದ್ದ ಡೋನಟ್ ಅಂಗಡಿಯ ಸಾಲಿನಲ್ಲಿ ವರ್ಲಿನ್ ನೆರೆಮನೆಯ ಡಾಟಿಯ ಮುಂದೆ ಎದೆಯುಬ್ಬಿಸಿದ.

"ಸೂರ್ಯನ ಜೊತೆ ಚೌಕಾಸಿ ಮಾಡಿ ಊರಿಗೆಲ್ಲ ಅಗ್ಗದ ಕರೆಂಟ್ ತಂದೋನು ನಾನು ಕಣೇ!"

"ತಂದಿದ್ದು ಊರಿನ ಕೌನ್ಸಿಲ್ಲು ಮಾರಾಯ. ಆ ಯೋಜನೆ ಬೇಕೋ ಬೇಡವೋ ಹೇಳೋಕೆ ಇವತ್ತೇ ಕೊನೇ ದಿನ, ನಂಗಿನ್ನೂ ತಲೆಬುಡ ಗೊತ್ತಾಗ್ತಿಲ್ಲ."

"ಪುರಭವನಕ್ಕೆ ಹೋಗಿ ಸಹಿ ಹಾಕು. ಊರಿಗೇ ಮೊದಲ ಸಹಿ ನಂದು!"

"ಸುಮ್ಮನಿದ್ರೆ ಅವರೇ ಸೇರಿಸ್ಕೊಳ್ತಾರಂತಲ್ಲ? ಬೇಡ ಅನ್ನೋರು ಮಾತ್ರ ಸಹಿ ಹಾಕ್ಬೇಕಂತೆ."

"ಯಾರಂದ್ರು?"

"ಅಲ್ಲಿನ ಗುಮಾಸ್ತೆ. ನಿಂಗೇನೂ ಹೇಳ್ಲಿಲ್ವಾ?"

"'ಯೋಚನೆ ಮಾಡಿದ್ದೀರಿ ತಾನೇ?' ಅಂತ ಕೇಳಿದ್ಲು. ಹೊಗಳ್ತಿದಾಳೆ ಅಂದ್ಕೊಂಡೆ."

"ಹಾಗಾದ್ರೆ ಚಳಿಗಾಲದಲ್ಲಿ ಕರೆಂಟ್ ಬಿಲ್ ನೆನೆದು ಹೀಟರ್ ಹಾಕೋಕೆ ಹೆದರೋ ಮನೆ ನಿಂದೊಂದೇ!"

ವರ್ಲಿನ್‌ನ ದನಿ ಇಳಿಯಿತು.

"ಸೂರ್ಯನೂ ಇಲ್ಲ, ಚೌಕಾಸಿನೂ ಇಲ್ಲ ಡಾಟಿ. ನಂಗೂ ಏನೂ ಅರ್ಥ ಆಗಿರ್ಲಿಲ್ಲ. ಪುರಭವನದ ಬಾಗಿಲು ಹಾಕೋಕೆ ಮುಂಚೆ ಹೋಗಿ ಸಹಿ ವಾಪಸ್ ಕೇಳೋಣ, ಜೊತೆಗೆ ಬರ್ತೀಯಾ?"

ಡೋನಟ್ ಕೊಳ್ಳದೆಯೇ ಇಬ್ಬರೂ ಸಾಲು ಬಿಟ್ಟು ಹೊರಟರು.