ಒಳಗಿನ ಹ್ಯಾಂಡಲ್

ಬಿಡಿಭಾಗದ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದವನು ಕಾರಿನ ಬಾಗಿಲ ಒಳಗಿನ ಹ್ಯಾಂಡಲ್ಲಿನ ಎರಡು ತುಂಡುಗಳನ್ನು ಮತ್ತೆ ಮತ್ತೆ ಜೋಡಿಸಿ ನೋಡುತ್ತಿದ್ದ. ಪ್ಲಾಸ್ಟಿಕ್ಕಿನ ಮೇಲೆ ಹಳೆಯ ಅಂಟು ಪದರ ಪದರವಾಗಿ ಒಣಗಿತ್ತು. ಪಕ್ಕದಲ್ಲಿ ಅವನ ಹೆಂಡತಿ.

“ಹೊಸದ್ಯಾಕೆ? ಇನ್ನೊಂದ್ಸಲ ಅಂಟಿಸ್ತೀನಿ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?”

“ಉಗುರು ಮುರ್ಕೊಂಡವಳು ನಾನು.”

“ಹೋದ ಸಲ ಅಂಟು ಒಣಗೋ ಮುಂಚೆ ಎಳೆದೆ ನೀನು.”

“ಇಳೀಬೇಕಿತ್ತು, ಎಳೆದೆ.”

“ನಾನೇ ಸುತ್ತಿ ಬಂದು ತೆಗೀತೀನಲ್ಲ. ರಾಣಿ ಥರ ಇಳಿ.”

“ನಿನ್ನೆ ಆಫೀಸಿನ ಮುಂದೆ ರಾಣಿ ಗಾಜು ಬಡೀತಾ ಕೂತಿದ್ಲು. ನೀವು ಆಚೆ ನಿಂತು ಫೋನಲ್ಲಿ ನಗ್ತಿದ್ರಿ. ಕೊನೆಗೆ ವಾಚ್‌ಮನ್ ಬಂದು ತೆಗೆದ.”

“ತೆಗೆದನಲ್ಲ, ಮತ್ತೇನು?”

ಅಂಗಡಿಯವನು ಹೊಸ ಹ್ಯಾಂಡಲ್ ತಂದಿಟ್ಟ. “ಎರಡೇ ಸ್ಕ್ರೂ. ನೀವೇ ಹಾಕ್ಕೋಬಹುದು.”

“ಬಣ್ಣ ಹೊಂದಲ್ಲ,” ಎಂದು ಗಂಡ ತುಂಡುಗಳನ್ನು ಜೇಬಿಗಿಳಿಸಿ ಹೊರಟ. ಅವಳು ಹೊಸ ಹ್ಯಾಂಡಲ್ಲನ್ನು ಕೈಗೆತ್ತಿಕೊಂಡು ಎಳೆದಳು, ಬಿಟ್ಟಳು, ಮತ್ತೆ ಎಳೆದಳು.

ಅವನು ರಸ್ತೆಬದಿಯಲ್ಲಿ ಅವಳ ಕಡೆಯ ಬಾಗಿಲನ್ನು ಹೊರಗಿನಿಂದ ತೆರೆದು ಹಿಡಿದು ಕರೆದ.

“ಬಾ, ಕೂತ್ಕೋ.”

“ಕೂರಲ್ಲ.”