ಎಡೆಯಲ್ಲಿ ಏನಿಡೋಣ?

ಒಂದು ಊರು. ಆ ಊರಿಗೊಬ್ಬ ದೊಡ್ಡ ಕುಳ. ಬೆಲ್ಲದ ಮಂಡಿ ಇಟ್ಟಿದ್ದ. ಹೆಂಡತಿ, ಮಗ, ಮಗಳು, ಬರುವ ಹೋಗುವ ನೆಂಟರು, ಯಾವುದಕ್ಕೂ ಕೊರತೆಯಿರಲಿಲ್ಲ. ಊಟದ ಹೊತ್ತಿಗೆ ಆ ಮನೆಯನ್ನು ನೀವು ನೋಡಬೇಕಿತ್ತು! ಸಾಲಾಗಿ ಎಲೆ ಹಾಕಿಕೊಂಡು ಎಲ್ಲರೂ ಕೂತರೆ, ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಡಿಸಲು ನಿಲ್ಲುತ್ತಿದ್ದಳು. "ಇನ್ನೊಂಚೂರು ಹಾಕ್ಕೊಳ್ಳಿ" ಅನ್ನುವುದೇ ಅವಳ ಮಾತು. "ನೀನೂ ಕೂತ್ಕೊಳ್ಳೇ" ಅಂತ ಒಂದು ದಿನವಾದರೂ ಯಾರಾದರೂ ಅಂದರೇ? ಅನ್ನಲಿಲ್ಲ. ಅವರು ಕೆಟ್ಟವರೇನಲ್ಲ, ನೋಡಿ. ಹೊಟ್ಟೆ ತುಂಬಿದವರಿಗೆ ಆ ಯೋಚನೆ ಬರುವುದಿಲ್ಲ, ಅಷ್ಟೇ. ಎಲ್ಲರೂ ಕೈ ತೊಳೆದು ಎದ್ದ ಮೇಲೆ ಅವಳು ಯಾವಾಗ ಉಂಡಳು, ಏನು ಉಂಡಳು, ಕಂಡವರಿಲ್ಲ.

ಹೀಗಿರುತ್ತಾ ಆಕೆ ಜ್ವರವೆಂದು ಮಲಗಿದಳು. ಮತ್ತೆ ಏಳಲಿಲ್ಲ.

ತಿಥಿಯ ದಿನ ಬಂತು. ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡುತ್ತೇವಲ್ಲ, ಆ ಸಿದ್ಧತೆ ನಡೆದಿತ್ತು. ಸಾಹುಕಾರ ಅಡುಗೆಯವನನ್ನು ಕರೆದ. "ಯಾವುದಕ್ಕೂ ಹಿಂದೆಮುಂದೆ ನೋಡ್ಬೇಡ. ಅವಳಿಗೆ ಇಷ್ಟ ಆದದ್ದೆಲ್ಲ ಎಡೇಲಿ ಇರ್ಬೇಕು."

"ಅಮ್ಮೋರಿಗೆ ಏನಿಷ್ಟ ಯಜಮಾನ್ರೇ?"

"ಒಬ್ಬಟ್ಟು" ಅಂದ ಸಾಹುಕಾರ ತಟ್ಟನೆ.

"ಅದು ನಿಮಗಿಷ್ಟ ಅಪ್ಪ" ಅಂದಳು ಮಗಳು. "ಅಮ್ಮಂಗೆ ಕೋಡುಬಳೆ."

"ಅದು ನಿಂಗೆ ಅಂತ ಮಾಡ್ತಿದ್ದಿದ್ದು ಕಣೇ" ಅಂದ ಮಗ. ಹಾಗಾದರೆ ಅಮ್ಮನಿಗೆ ಏನಿಷ್ಟ? ಅವನಿಗೂ ಹೊಳೆಯಲಿಲ್ಲ.

ನಗಬೇಡಿ. ಇದು ನಗುವ ಮಾತಲ್ಲ. ಸಾಹುಕಾರ ಅವಳ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದಾನೆ. ಅವಳ ಕೈ ಬಡಿಸುವುದನ್ನು ದಿನಾ ನೋಡಿದ್ದಾನೆ, ಆ ಕೈ ತುತ್ತು ಎತ್ತುವುದನ್ನು ನೋಡಿಯೇ ಇಲ್ಲ. ಮೂಲೆಯಲ್ಲಿ ಕೂತಿದ್ದ ಹೆಂಡತಿಯ ತಂಗಿಯ ಹತ್ತಿರ ಹೋದ. "ನಿಮ್ಮಕ್ಕಂಗೆ ಏನಿಷ್ಟ ಇತ್ತಮ್ಮ? ನೀನಾದ್ರೂ ಹೇಳು."

ಆಕೆ ಕಣ್ಣೊರೆಸಿಕೊಂಡಳು. "ಮದುವೆಗೆ ಮುಂಚೆ ನಮ್ಮನೇಲಿದ್ದಾಗ ಅವಳಿಗೆ ಬಿಸಿ ಅನ್ನ ಅಂದ್ರೆ ಪ್ರಾಣ, ಭಾವ. ಒಲೆಯಿಂದ ಇಳಿಸೋದೇ ತಡ, ಹಬೆ ಆಡ್ತಿರೋವಾಗ್ಲೇ ತುಪ್ಪ ಹಾಕ್ಕೊಂಡು ಕೂತ್ಬಿಡೋಳು. ಆರಿದ್ರೆ ಮುಟ್ತಾನೇ ಇರ್ಲಿಲ್ಲ."

ಕೇಳಿದಿರಾ? ಆರಿದರೆ ಮುಟ್ಟದವಳು, ಆ ಮನೆಯಲ್ಲಿ ಬಾಳಿದಷ್ಟು ದಿನವೂ ಆರಿದ್ದನ್ನೇ ಉಂಡಳು. ಬಾಯಿಬಿಟ್ಟು ಒಂದು ಮಾತು ಆಡಲಿಲ್ಲ. ಅವಳು ಆಡಲಿಲ್ಲ ಸರಿ, ಇವನಾದರೂ ಕೇಳಿದನೇ?

ಸಾಹುಕಾರ ಒಲೆಯ ಮುಂದೆ ನಿಂತು ಅನ್ನ ಮಾಡಿಸಿದ. ತಾನೇ ತಂದು ಎಲೆಗೆ ಬಡಿಸಿದ, ತಾನೇ ತುಪ್ಪ ಹಾಕಿದ. "ತಗೊಳ್ಳೇ, ಬಿಸಿಯಾಗಿದೆ, ಉಣ್ಣೇ" ಅಂದ. ಉಣ್ಣಲು ಯಾರಿದ್ದಾರೆ? ನೋಡುನೋಡುತ್ತಿದ್ದಂತೆ ಹಬೆ ನಿಂತಿತು, ಅನ್ನ ಆರಿಹೋಯಿತು. ಅವನು ಆ ಎಲೆಯ ಮುಂದೆ ಕುಸಿದು ಕೂತು ಗಳಗಳನೆ ಅತ್ತ.

ಈಗ ನಿಮ್ಮನ್ನೇ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಬಡಿಸುವವಳಿಗೆ ಏನಿಷ್ಟ? ಯೋಚನೆ ಮಾಡಿ ಹೇಳಿ. ಗೊತ್ತಿಲ್ಲದಿದ್ದರೆ ಹೋಗಿ ಕೇಳಿ. ಆಕೆ ಇನ್ನೂ ಇದ್ದಾಳೆ, ಅದು ನಿಮ್ಮ ಪುಣ್ಯ. ಇವತ್ತು ಮನೆಗೆ ಹೋದವರೇ ಪಾತ್ರೆಗಳನ್ನೆಲ್ಲ ನಡುವೆ ತಂದಿಡಿ, ಬೇಕಾದವರು ಬೇಕಾದಷ್ಟು ಬಡಿಸಿಕೊಳ್ಳಲಿ. ಆಕೆಯ ತಟ್ಟೆಯನ್ನು ನಿಮ್ಮ ಪಕ್ಕದಲ್ಲೇ ಹಾಕಿ. "ನಂದೇನು ಅವಸರ, ನೀವು ಉಣ್ಣಿ" ಅನ್ನುತ್ತಾಳೆ. ಆ ಮಾತನ್ನು ನಂಬಬೇಡಿ. ಆಕೆ ಮೊದಲ ತುತ್ತು ಬಾಯಿಗಿಡುವ ತನಕ ನಿಮ್ಮ ತಟ್ಟೆಗೆ ಕೈಹಾಕಬೇಡಿ.