ಮಾವನ ಮನೆಯ ಕಜ್ಜಾಯ

ಮೈಸೂರು ಚಲೋ ಚಳವಳಿಯ ದಿನಗಳು. ಚಾಮರಾಜಪೇಟೆಯ ಸೀಮೆಎಣ್ಣೆ ಕ್ಯೂನಲ್ಲಿ ನನ್ನ ಮುಂದೆ ಮೇಷ್ಟ್ರ ಹೆಂಡತಿ ಶೈಲಜಮ್ಮ, ಅವರ ಮುಂದೆ ಪೊಲೀಸ್ ಪೇದೆಯ ಹೆಂಡತಿ ಲಕ್ಕಮ್ಮ ನಿಂತಿದ್ದರು.

“ಮಗ ಮನೇಲಿದಾನಾ, ಅಮ್ಮಾವ್ರೇ?” ಎಂದರು ಲಕ್ಕಮ್ಮ.

“ಇಲ್ಲ. ಬೆಳಿಗ್ಗೇನೇ ಬಾವುಟ ಹಿಡ್ಕೊಂಡು, ಮಾವನ ಮನೆಗೆ ಹೋಗ್ಬರ್ತೀನಿ ಅಂದ.”

“ಜೈಲಿಗೆ ಹಂಗಂತಾರೆ ಹುಡುಗ್ರು.”

“ನಗ್ತಾನೇ ಅಂದ. ನಾನೂ ನಕ್ಕು, ಹೊದಿಯೋಕೆ ಒಂದು ಪಂಚೆ ಕೊಟ್ಟೆ. ನಿಮ್ಮನೆಯವರು ಹೊರಡೋವಾಗ ಏನಂದ್ರು?”

ಲಕ್ಕಮ್ಮ ಡಬ್ಬವನ್ನು ಕೈ ಬದಲಿಸಿದರು. ಶೈಲಜಮ್ಮನೇ ಮುಂದುವರಿಸಿದರು.

“ಹುಡುಗ್ರಿಗೆ ಕಜ್ಜಾಯ ಕೊಟ್ಬರ್ತೀನಿ ಅಂತ ತಾನೇ? ದಿನಾ ಅನ್ನೋದು ಅದೇ ಅಲ್ವಾ?”

“ದಿನಾ ಅದೇ. ಲಾಠೀಲಿ ಎರಡೇಟು ಕೊಟ್ಟು, ಲಾರೀಲಿ ತುಂಬ್ಕೊಂಡು ಹೋಗಿ ಊರಾಚೆ ಬಿಟ್ಬರೋರು.”

“ಇವತ್ತು?”

“ಇವತ್ತು ಕಜ್ಜಾಯ ಅನ್ಲಿಲ್ಲ. ಬಂದೂಕು ಕೊಟ್ಟಿದಾರೆ ಅಂದ್ರು. ಇಟ್ಟಿದ್ದ ಮುದ್ದೆ ಮುಟ್ಲೇ ಇಲ್ಲ.”

ಶೈಲಜಮ್ಮ ಡಬ್ಬ ಕೆಳಗಿಟ್ಟರು.

“ಮೆರವಣಿಗೆ ಈಗ ಎಲ್ಲಿಗೆ ಬಂದಿರತ್ತೆ, ಲಕ್ಕಮ್ಮ?”

“ಬನ್ನಿ. ನಾನೂ ಬರ್ತೀನಿ.”

ಲಕ್ಕಮ್ಮನೂ ತಮ್ಮ ಡಬ್ಬವನ್ನು ಪಕ್ಕದಲ್ಲೇ ಇಟ್ಟರು. ಇಬ್ಬರೂ ಪೇಟೆಯ ಕಡೆಗೆ ಓಡುನಡಿಗೆಯಲ್ಲಿ ಹೋದರು. ಸಾಲು ಸರಿದಾಗಲೆಲ್ಲ ನಾನು ಆ ಎರಡು ಖಾಲಿ ಡಬ್ಬಗಳನ್ನು ಕಾಲಿನಿಂದ ಮುಂದಕ್ಕೆ ತಳ್ಳುತ್ತಿದ್ದೆ.